ಶಿರೋಳಕ್ಕೆ ಹಾಕಿಕೊಂಡು ಹೋದ ಸ್ವೆಟರುಗಳು

ದೀಪಾವಳಿಯ ಹಣತೆಗಳು ಇನ್ನೂ ಕಟ್ಟೆಯ ಮೇಲಿರುವಾಗಲೇ ನಮ್ಮ ಗಜೇಂದ್ರಗಡದ ಗುಡ್ಡದಿಂದ ಥಂಡಿ ಇಳಿಯುತ್ತದೆ. ಮೊನ್ನೆ ನಸುಕಿನಲ್ಲಿ ಮೋಟಾರ್‌ಸೈಕಲ್ ಹೊರಗೆ ತೆಗೆಯುವ ಮುಂಚೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ಎತ್ತಿದೆ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಎಲ್ಲಕ್ಕೂ ಮೇಲೆ ಆ ಮೆರೂನ್ ಬಣ್ಣದ ಸ್ವೆಟರು ಮಡಚಿಕೊಂಡು ಕೂತಿತ್ತು. ಸುತ್ತ ಯಾರೂ ಇರಲಿಲ್ಲ, ಆದರೂ ನನ್ನ ಮುಖ ಬಿಸಿಯಾಯಿತು. ದಿನ ಕಳೆದಂತೆ ಎಲ್ಲ ಮರೆಯುತ್ತದೆ ಅನ್ನುವವರಿಗೆ ಒಮ್ಮೆಯೂ ಸರಿಯಾಗಿ ನಾಚಿಕೆ ಆಗಿರಲಿಕ್ಕಿಲ್ಲ. ದುಃಖ ಮರೆಯುತ್ತದೆ, ಸಿಟ್ಟು ಆರುತ್ತದೆ, ನಾಚಿಕೆ ಮಾತ್ರ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಲೇ ಇರುತ್ತದೆ. ಸ್ವೆಟರನ್ನು ಅಡಿಗೆ ತಳ್ಳಿ ಬೇರೊಂದು ಎಳೆದುಕೊಂಡೆ.

ಆ ಸ್ವೆಟರಿನ ನಾಚಿಕೆ ಶುರುವಾದ ವರ್ಷ ನನ್ನ ಲೈನು, ಅಂದರೆ ತಿರುಗುವ ದಾರಿ, ಬದಲಾಗಿತ್ತು. ಚಹಾಪುಡಿ, ಬಿಸ್ಕತ್ತು, ಸಾಬೂನಿನ ಏಜೆನ್ಸಿಯೊಂದಕ್ಕೆ ಅಂಗಡಿ ಅಂಗಡಿ ತಿರುಗಿ ಆರ್ಡರ್ ತರುವುದು ನನ್ನ ಕೆಲಸ. ಅಲ್ಲಿಯವರೆಗೆ ರಾಜೂರ, ಸೂಡಿ ಅಂತ ಮನೆಯ ಸುತ್ತಲೇ ಅಡ್ಡಾಡಿಕೊಂಡಿದ್ದವನಿಗೆ ದೀಪಾವಳಿ ಆದಮೇಲೆ ರೋಣ ದಾಟಿ ನರಗುಂದದ ಕಡೆಯ ಹಳ್ಳಿಗಳನ್ನು ಕೊಟ್ಟರು. ಅಂಗಡಿಯವರು ಗಿರಾಕಿ ಕೂಡುವ ಮುಂಚೆ ಮಾತ್ರ ಮಾತಿಗೆ ಸಿಗುತ್ತಾರೆ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ಹೊರಟು ಬಿಸಿಲು ಏರುವುದರೊಳಗೆ ಶಿರೋಳ ಮುಟ್ಟಬೇಕು. ರೋಣದಿಂದ ಮುಂದೆ ಬರೀ ಎರೆ ಹೊಲದ ಬಯಲು. ಕಣ್ಣು ಹಾಯುವವರೆಗೆ ಜೋಳ, ಕಡಲೆ, ಅಂಚಿಗೆ ಕುಸುಬೆ. ಗಾಳಿಗೆ ಅಡ್ಡವಾಗಿ ಒಂದು ಗಿಡ ಇಲ್ಲ. ಮೊದಲ ದಿನ ನಾನು ಬರೀ ಒಂದು ಸ್ವೆಟರಿನ ಮೇಲೆ ಹೋಗಿದ್ದೆ. ರೋಣದ ಹೋಟೆಲಿನಲ್ಲಿ ಕಪ್ಪು ಹಿಡಿಯಲು ಬೆರಳು ಮಡಚಲಿಲ್ಲ. ಹೋಟೆಲಿನವನು ಚಹಾವನ್ನು ಬಸಿಗೆ ಸುರಿದು ನನ್ನ ಬಾಯಿಯ ಹತ್ತಿರ ಹಿಡಿದ.

ಆಮೇಲೆ ಬಿದ್ದು ಎದ್ದು ಕಲಿತೆ. ಸ್ವೆಟರು ಎಷ್ಟೇ ದಪ್ಪ ಇರಲಿ, ಮೇಲೆ ಹಾಕಿದರೆ ಗಾಳಿ ಜರಡಿಯೊಳಗೆ ಹಾದಂತೆ ಹಾದುಹೋಗುತ್ತದೆ. ಗಾಳಿ ತಡೆಯುವುದು ಎಲ್ಲಕ್ಕಿಂತ ಮೇಲಿರಬೇಕು, ಬೆಚ್ಚಗಿಡುವುದು ಅದರ ಒಳಗೆ. ಮೈಗೆ ಹತ್ತಿ ಬನಿಯನ್ ಬೇಡ. ಬೆವರು ಹೀರಿಕೊಂಡು ಆಮೇಲೆ ಅದೇ ತಣ್ಣಗೆ ಕೊರೆಯುತ್ತದೆ. ಹುಬ್ಬಳ್ಳಿಯಿಂದ ಥರ್ಮಲ್ ಬನಿಯನ್ ತಂದೆ. ಅದರ ಮೇಲೆ ಹಳೆಯ ಫ್ಲ್ಯಾನಲ್ ಅಂಗಿ, ಎದೆಗೆ ಅಡ್ಡಲಾಗಿ ಮಡಚಿದ ದಿನಪತ್ರಿಕೆ, ತೋಳಿಲ್ಲದ ಒಂದು ಸ್ವೆಟರು, ಅದರ ಮೇಲೆ ಅವ್ವ ಹೆಣೆದ ಮೆರೂನ್ ಸ್ವೆಟರು, ಕೊನೆಗೆ ರೆಗ್ಜಿನ್ ಜಾಕೀಟು. ಯಾವುದೂ ಮೈಗೆ ಬಿಗಿಯಾಗಬಾರದು, ನಡುವೆ ಒಂದಿಷ್ಟು ಸಡಿಲ ಇದ್ದರೇನೇ ಬಿಸಿ ನಿಲ್ಲುವುದು. ಪ್ಯಾಂಟಿನೊಳಗೆ ಮೊಣಕಾಲಿಗೆ ಹರಿದ ಕಂಬಳಿಯ ಚೂರು ಕಟ್ಟುತ್ತಿದ್ದೆ. ಹೀಗೆ ಹೊರಟರೆ ನರಗುಂದದ ಗುಡ್ಡ ಕಾಣಿಸುವವರೆಗೂ ಮೈ ಬೆಚ್ಚಗೇ ಇರುತ್ತಿತ್ತು. ಆ ವಿದ್ಯೆಯಲ್ಲಿ ನಾನು ಪಂಡಿತನೇ ಆದೆ ಅನ್ನಿ.

ನನ್ನ ಮೈಯ ಸಂಗತಿ ಇಲ್ಲಿ ಹೇಳಿಬಿಡಬೇಕು. ನಾನು ಹುಟ್ಟಾ ಕಡ್ಡಿ ಪೈಲ್ವಾನ. ಎಷ್ಟು ತಿಂದರೂ ಅದು ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು. ಆ ಹೊತ್ತಿಗಾಗಲೇ ಎರಡು ಕಡೆ ಕನ್ಯೆ ನೋಡಿ ಬಂದಿದ್ದೆ. ಎರಡು ಕಡೆಯವರೂ ನನ್ನನ್ನೇ ಹೆಚ್ಚು ನೋಡಿದ್ದರು. ರಾಜೂರದಲ್ಲಿ ಹುಡುಗಿಯ ಸೋದರಮಾವ, 'ನಿಮ್ಮ ಗುಡ್ಡದ ಮ್ಯಾಲೆ ಭಾಳ ಗಾಳಿ ಅಂತಲ್ಲಪಾ, ಹುಷಾರಲೆ ಇರು' ಅಂತ ನಗೆಯಾಡಿದ. ರೋಣದವರು ನಗಲಿಲ್ಲ. ಅವ್ವನನ್ನು ಒಳಗೆ ಕರೆದು, 'ಹುಡುಗಗ ಒಳಗಿಂದೊಳಗ ಏನರ ಜಡ್ಡ ಐತೇನ್ರಿ' ಅಂತ ಕೇಳಿದರು. ಅಪ್ಪ ಹೋದಮೇಲೆ ಒಬ್ಬಳೇ ನನ್ನನ್ನು ಸಾಕಿದ ಅವ್ವ ಅವತ್ತು ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದಳು.

ಶಿರೋಳದಲ್ಲಿ ಗುರಪ್ಪಣ್ಣ ಅಂತ ಕಿರಾಣಿ ಅಂಗಡಿಯವರು. ಅವರು ನನ್ನನ್ನು ನೋಡಿದ್ದೆಲ್ಲ ಬೆಳಗಿನ ಥಂಡಿಯಲ್ಲಿ, ಮೇಲಿಂದ ಕೆಳಗಿನವರೆಗೆ ತುಂಬಿಕೊಂಡಿದ್ದಾಗ ಮಾತ್ರ. ಒಂದು ದಿನ ತಕ್ಕಡಿ ಒರೆಸುತ್ತ ನನ್ನ ಭುಜದ ಮೇಲೆ ಕೈಯಿಟ್ಟು ಒತ್ತಿದರು.

'ಏನ ಗಟ್ಟಿ ಆಳ ಅದೀಯೋ ತಮ್ಮಾ. ಗರಡಿಮನಿಗೆ ಹೋಗ್ತೀಯೇನ?'

ಆಗಲೇ ನಕ್ಕು ಜಾಕೀಟಿನ ಜಿಪ್ ಇಳಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ನನಗೆ ಯಾರೂ ಗಟ್ಟಿ ಆಳು ಅಂದಿರಲಿಲ್ಲ. 'ನಮ್ಮವ್ವನ ಕೈಗುಣರಿ' ಅಂದೆ. ಅರ್ಧ ಖರೆಯೇ, ಸ್ವೆಟರು ಅವಳ ಕೈಯದೇ.

ಮುಂದಿನ ವಾರ ಅವರು ನೇರವಾಗಿ ವಿಷಯಕ್ಕೆ ಬಂದರು. 'ನಮ್ಮಣ್ಣನ ಮಗಳ ಅದಾಳ, ಕಸ್ತೂರಿ ಅಂತ. ಬಿ.ಎ. ಮಾಡ್ಯಾಳ. ಮನೀದು ಹಿಟ್ಟಿನ ಗಿರಣಿ ಐತಿ, ಅದನ್ನ ಆಕಿನ ನಡಸ್ತಾಳ. ಜ್ವಾಳದ ಚೀಲಾ ಎತ್ತಾಕಿ ಆಕಿ. ನಿನ್ನಂಥಾ ಕಸುವಿನ ಹುಡುಗನ ಬೇಕಾಗಿತ್ತ ನಮಗ. ನಿಮ್ಮ ಅವ್ವಾರನ ಕೇಳಿ ಹೇಳು.'

ಮನೆಗೆ ಬಂದು ಹೇಳಿದಾಗ ಅವ್ವ ಮೊದಲು ನಕ್ಕಳು. ಆಮೇಲೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ರೋಣದವರು ಕೇಳಿದ್ದು ನೆನಪಾಯಿತು ಅಂತ ನನಗೆ ತಿಳಿಯಿತು.

'ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡು ಅಂತಾರ ಹಿರ್ಯಾರು,' ಅಂದಳು. 'ನಾವು ಒಂದೂ ಹೇಳೂದು ಬ್ಯಾಡ. ನೀ ಆ ಸ್ವೆಟರ್ ತಗೀಬ್ಯಾಡ, ಅಷ್ಟ.'

ನಾನು ಬೇಡ ಅನ್ನಲಿಲ್ಲ. ಅನ್ನದಿದ್ದುದಷ್ಟೇ ಅಲ್ಲ, ಅವತ್ತಿನಿಂದ ಅದನ್ನೊಂದು ಕೆಲಸದ ಹಾಗೆ ಮಾಡಿದೆ. ಅವ್ವ ಮತ್ತು ಸೋದರಮಾವ ಬಸ್ಸಿನಲ್ಲಿ ಬರುವುದು, ನಾನು ಮೋಟಾರ್‌ಸೈಕಲ್ ಮೇಲೆ ಹೋಗುವುದು ಅಂತ ಗೊತ್ತು ಮಾಡಿದೆ. ಬಸ್ಸಿನಲ್ಲಿ ಬಂದವನಿಗೆ ಇಷ್ಟೊಂದು ಬಟ್ಟೆಗೆ ನೆಪ ಎಲ್ಲಿಯದು? ಥಂಡಿ ಇರುವಾಗಲೇ ಮುಟ್ಟಿ, ಬಿಸಿಲು ಬಲಿಯುವ ಮುಂಚೆ ಎದ್ದುಬಿಡುವುದು. ಎದೆಗೆ ಇಡುವ ಪೇಪರನ್ನು ಅವತ್ತು ಎರಡು ಮಡಿಕೆ ಹೆಚ್ಚು ಮಾಡಿದೆ. ಥಂಡಿಗಾಗಿ ಕಲಿತ ವಿದ್ಯೆ ಹೀಗೆ ವೇಷ ಕಟ್ಟಲು ಬಂತು.

ಶುಕ್ರವಾರ ಚಲೋ ದಿನ ಅಂತ ಆರಿಸಿದ್ದರು. ನಾನೇನೋ ಹೊತ್ತಿಗೆ ಸರಿಯಾಗಿ ಶಿರೋಳ ಮುಟ್ಟಿದೆ. ಆದರೆ ಅವ್ವನ ಬಸ್ಸು ರೋಣದ ಆಚೆ ಕೆಟ್ಟು ನಿಂತಿತು. ಅವರು ಇನ್ನೊಂದು ಬಸ್ಸು ಹಿಡಿದು ಬಂದು ಕಾಲು ತೊಳೆದುಕೊಳ್ಳುವಷ್ಟರಲ್ಲಿ ರಾಹುಕಾಲ ಹೊಕ್ಕಿತು. ಕಸ್ತೂರಿಯ ಅಜ್ಜಿ ಗೋಡೆಯ ಕ್ಯಾಲೆಂಡರು ನೋಡಿಸಿ, 'ಹನ್ನೆರಡರ ತನಾ ಹುಡುಗೀನ ಹೊರಗ ಕರಿಯೂದು ಬ್ಯಾಡ. ಆರಾಮ ಕುಂದರ್ರಿ, ಎಲ್ಲಿಗೆ ಹೋಗೂದೈತಿ' ಅಂದಳು.

ಕೂಡಿಸಿದ್ದು ಮುಂದಿನ ಹೊಸ ಪಡಸಾಲೆಯಲ್ಲಿ. ಮೇಲೆ ತಗಡು. ನಮ್ಮ ಕಡೆಯ ಚಳಿಗಾಲ ಗೊತ್ತಿರುವವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನಸುಕಿನಲ್ಲಿ ಹಲ್ಲು ಕಟಕಟ ಅನ್ನಿಸಿದ ದೇವರೇ ಮಧ್ಯಾಹ್ನ ಹೆಂಚಿನ ಮೇಲೆ ಕೂಡಿಸುತ್ತಾನೆ. ತಗಡು ಕಾಯತೊಡಗಿತು. ಬೆವರು ಮೊದಲು ಬೆನ್ನಿನಲ್ಲಿ, ಆಮೇಲೆ ಹಣೆಯಲ್ಲಿ, ಆಮೇಲೆ ಎಲ್ಲೆಲ್ಲೂ. ಮೊಣಕಾಲಿನ ಕಂಬಳಿಯ ಚೂರು ಕಡಿಯತೊಡಗಿತು. ಗುರಪ್ಪಣ್ಣ ಮಾತ್ರ ತಾನೇ ಸಾಕಿದ ಹೋರಿ ತೋರಿಸುವವರ ಹಾಗೆ ನನ್ನ ಪಕ್ಕ ಕೂತು ಬಂದವರಿಗೆಲ್ಲ ಪರಿಚಯ ಹೇಳುತ್ತಿದ್ದರು.

'ಜಾಕೀಟ ತಗದು ಕುಂದ್ರೋ ಎಪ್ಪಾ,' ಅಂದಳು ಅಜ್ಜಿ.

'ಇರ್ಲಿ ಬಿಡ ಆಯಿ. ಥಂಡಿ ಆಗೈತಿ ನನಗ.'

ಆ ಮಾತು ಹೇಳಬಾರದಿತ್ತು. ಅಜ್ಜಿ ಎದ್ದು ಬಂದು ಹಣೆ ಮುಟ್ಟಿದಳು. ಕೈ ಒದ್ದೆಯಾಯಿತು. 'ಅಯ್ಯ, ಜ್ವರಾ ಬಿಟ್ಟ ಬೆವರಾಕತ್ತಾನಲ್ಲ ಹುಡುಗ' ಅಂತ ಕಿಟಕಿ ಮುಚ್ಚಿಸಿದಳು. ಒಳಗಿನಿಂದ ಶುಂಠಿ, ಮೆಣಸು ಹಾಕಿದ ಕಷಾಯ ಬಂತು, ಹಬೆಯಾಡುತ್ತ. ಕುಡಿದೆ. ಇನ್ನೊಂದು ಲೋಟ ಬಂತು, ಅದನ್ನೂ ಕುಡಿದೆ. ಎದುರಿಗೆ ಅವ್ವ ಸೆರಗಿನ ತುದಿ ತಿರುವುತ್ತ ನೆಲ ನೋಡುತ್ತಿದ್ದಳು. ನನಗಿಂತ ಅವಳಿಗೇ ಹೆಚ್ಚು ಸುಡುತ್ತಿದ್ದಿರಬೇಕು. ಒಮ್ಮೆ ಕಣ್ಣು ಎತ್ತಿ 'ತಗದಬಿಡೋ' ಅನ್ನುವ ಹಾಗೆ ನೋಡಿದಳು. ನಾನು ತೆಗೆಯಲಿಲ್ಲ.

ಹನ್ನೆರಡು ಹೊಡೆದ ಮೇಲೆ ಕಸ್ತೂರಿ ಉಪ್ಪಿಟ್ಟು, ಶಿರಾ ತಂದಿಟ್ಟಳು. ಎತ್ತರದ ಹುಡುಗಿ, ನೇರ ನೋಟ. ಹಸಿರು ಸೀರೆಯ ಮೇಲೆ ಉದ್ದ ತೋಳಿನ ಕಂದು ಸ್ವೆಟರು ಹಾಕಿದ್ದಳು. ಆ ಸುಡುವ ತಗಡಿನ ಕೆಳಗೆ ಇವಳೇಕೆ ಸ್ವೆಟರು ಹಾಕಿದ್ದಾಳೆ ಅಂತ ಒಂದು ಸಲವಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಕಳ್ಳತನ ಕಾಯುವುದರಲ್ಲೇ ನಾನು ಮುಳುಗಿದ್ದೆ.

'ಇಬ್ರೂ ಒಂದೀಟ ಮಾತಾಡ್ರಿ, ಈಗಿನ ಕಾಲ' ಅಂತ ಗುರಪ್ಪಣ್ಣ ಹಿತ್ತಲಿಗೆ ಕಳಿಸಿದರು. ಅಲ್ಲಿ ಬೇವಿನ ಗಿಡ, ಅದರ ಆಚೆ ಗಿರಣಿಯ ಹಿಂಬಾಗಿಲು. ನೆರಳಿಗೆ ಬಂದೊಡನೆ ಜೋರಾಗಿ ಉಸಿರು ಎಳೆದುಕೊಂಡೆ. ಎದೆಯಲ್ಲಿದ್ದ ಪೇಪರು ಸಪ್ಪಳ ಮಾಡಿತು.

'ಒಳಗ ಪೇಪರ್ ಇಟಗೊಂಡೀರೇನ್ರಿ?' ಅಂದಳು ಕಸ್ತೂರಿ.

'ಹೌದ್ರಿ. ಗಾಡಿ ಮ್ಯಾಲೆ ಗಾಳಿ ಭಾಳ ಬಡೀತೈತಿ.'

'ಈಗ ಗಾಳಿ ಇಲ್ಲಲ್ರಿ.'

ಕುಚೋದ್ಯ ಇರಲಿಲ್ಲ ಅವಳ ದನಿಯಲ್ಲಿ. ತೆಗೆದು ಆರಾಮಾಗಿರಿ, ನನಗೆ ತಿಳಿದಿದೆ ಅನ್ನುವ ಹಾಗಿತ್ತು. ನನ್ನ ಸುಳ್ಳಿನ ಬಾಗಿಲು ತೆರೆದು ಅವಳು ಪಕ್ಕಕ್ಕೆ ಸರಿದು ನಿಂತಂತೆ. ನಾನು ಹೊರಗೆ ಬರಬೇಕಿತ್ತು ಅಷ್ಟೇ. 'ರೂಢಿ ಆಗೇತ್ರಿ' ಅಂದೆ.

ಅವಳು ತನ್ನ ಎಡಗೈಯ ಸ್ವೆಟರಿನ ತೋಳನ್ನು ಮೊಣಕೈಯವರೆಗೆ ಸರಿಸಿದಳು. ಮಣಿಕಟ್ಟಿನಿಂದ ಮೇಲಕ್ಕೆ ಬೆಳ್ಳಗಿತ್ತು. ಗಿರಣಿ ನಡೆಸುವ ಹುಡುಗಿ, ಹಿಟ್ಟು ತಾಗಿದೆ ಅಂದುಕೊಂಡೆ. ಅಂದುಕೊಂಡಿದ್ದರೆ ಸಾಕಿತ್ತು, ಬಾಯಿಬಿಟ್ಟು ಕೇಳಿದೆ.

'ಹಿಟ್ಟೇನ್ರಿ?'

'ಒರಸಿದ್ರ ಹೋಗೂದಲ್ರಿ ಇದು. ತೊನ್ನು. ಮೂರು ವರ್ಷ ಆತು. ಮದ್ದು ನಡದೈತಿ. ಮಂದಿ ಏನೇನರ ಅಂತಾರ, ಆದ್ರ ಅಂಟುವಂಥಾದ್ದಲ್ಲ ಅಂತ ದವಾಖಾನ್ಯಾಗ ಹೇಳ್ಯಾರ.' ಅವಳ ದನಿ ಎಲ್ಲೂ ತಡವರಿಸಲಿಲ್ಲ. ಕೈ ಮಾತ್ರ ಸಣ್ಣಗೆ ನಡುಗುತ್ತಿತ್ತು. 'ಲಗ್ನಾ ಗಟ್ಟಿ ಆಗೂತನಾ ತೋರಸಬ್ಯಾಡ ಅಂದಾರ ನಮ್ಮ ಮನ್ಯಾಗ. ನನಗ ಹಂಗ ಬರೂದಿಲ್ರಿ. ಮುಚ್ಚಿಟ್ಟ ಬಂದ್ರ ದಿನಾ ಮುಚಗೋತನ ಇರಬೇಕಾಗ್ತೈತಿ. ನೋಡ್ರಿ, ಇಷ್ಟ ಐತಿ. ನಿಮ್ಮದೂ ಏನರ ಇದ್ರ ಹೇಳಿಬಿಡ್ರಿ.'

ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು. ಕೈ ಜಿಪ್ಪಿನವರೆಗೆ ಹೋಗಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಒಬ್ಬ ಹುಡುಗಿ ತನ್ನ ಬಾಳನ್ನೇ ಪಣಕ್ಕಿಟ್ಟು ತೋಳು ಸರಿಸಿ ನಿಂತಿದ್ದಾಳೆ. ನಾನು ತೋರಿಸಬೇಕಾಗಿದ್ದುದಾದರೂ ಏನು, ಎರಡು ಸಣ್ಣ ತೋಳು, ಒಂದು ಗೂಡು ಎದೆ. ಅಷ್ಟು ನನ್ನಿಂದ ಆಗಲಿಲ್ಲ.

'ನಂದೇನಿಲ್ರಿ,' ಅಂದೆ.

ಅವಳು ತೋಳು ಇಳಿಸಿಕೊಂಡು ತಲೆಯಾಡಿಸಿ ಒಳಗೆ ಹೋದಳು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಆಗ ಬೆವರಿಗೆ ತೊಯ್ದ ಮೆರೂನ್ ಸ್ವೆಟರನ್ನು ಹಿಂಡಿ ಹಗ್ಗದ ಮೇಲೆ ಹಾಕುತ್ತಿದ್ದಳು. 'ಎಂಥಾ ಮೋಸಗಾರ ಮಂದಿ ನೋಡ. ಹುಡುಗಿ ತೋಳ ಮುಚ್ಚಿ ಕಣ್ಣಿಗೆ ಮಣ್ಣ ಹಾಕಾಕತ್ತಿದ್ರಲ್ಲ' ಅಂತ ಶುರುಮಾಡಿದವಳು ಕೈಯಲ್ಲಿದ್ದುದನ್ನು ನೋಡಿ ಅಲ್ಲಿಗೇ ನಿಲ್ಲಿಸಿದಳು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಶಿರೋಳದ ಸರದಿ ಬಂದಾಗ ಗುರಪ್ಪಣ್ಣನ ಅಂಗಡಿ ಬಿಟ್ಟು ಮುಂದೆ ಹೋದೆ. ಅವರು ಫೋನ್ ಮಾಡಿ, 'ಹ್ಞೂ ಅನ್ನು, ಒಲ್ಲೆ ಅನ್ನು. ಏನರ ಒಂದ ಹೇಳಪಾ, ಹೆಣ್ಣಿನ ಮನ್ಯಾಗ ಕಾಯಾಕತ್ತಾರ' ಅಂದರು. ಹೇಳ್ತೀನ್ರಿ ಅಂತ ಇಟ್ಟುಬಿಟ್ಟೆ. ಮೋಟಾರ್‌ಸೈಕಲ್ ಮೇಲೆ ಒಬ್ಬನೇ ಹೋಗುವಾಗ ಕಣ್ಣ ಮುಂದೆ ಆ ಕೈ ಬರುತ್ತಿತ್ತು. ಅದರ ಬಿಳುಪಿಗಿಂತ ಅದರ ನಡುಕವೇ ಹೆಚ್ಚಾಗಿ ಬರುತ್ತಿತ್ತು. ನನಗೆ ಅವಳು ಬೇಕಾಗಿದ್ದಳು. ಅಷ್ಟು ನೇರವಾಗಿ ನನ್ನ ಜೊತೆ ಯಾರೂ ಮಾತಾಡಿರಲಿಲ್ಲ. ಅಂಥವಳ ಜೊತೆ ಬಾಳಿದರೆ ನಾನೂ ನೆಟ್ಟಗಾದೇನು ಅನ್ನಿಸುತ್ತಿತ್ತು. ಹೀಗೆ ಅನ್ನಿಸಿದ್ದನ್ನು ಹೇಳಲು ನನಗೆ ಎಳ್ಳಮಾವಾಸ್ಯೆಯವರೆಗೂ ಧೈರ್ಯ ಬರಲಿಲ್ಲ. ಅವತ್ತು ಮಾವನ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕೂತಾಗ ಅವ್ವನೇ ನನ್ನ ತಟ್ಟೆಗೆ ಸಜ್ಜೆ ರೊಟ್ಟಿ ಹಾಕುತ್ತ ಮೆಲ್ಲಗೆ ಅಂದಳು, 'ಆ ಹುಡುಗಿ ಖರೇದಾಕಿ. ನಾವ ಸಣ್ಣಾವ್ರಾದ್ವಿ. ಹೋಗಿ ನಿನ್ನ ಬಾಯಿಲೇ ಹೇಳಿ ಬಾ.'

ಮರುದಿನ ನಸುಕಿನಲ್ಲಿ ಹೊರಟೆ. ಎಂದಿನಂತೆ ಎಲ್ಲ ಹಾಕಿಕೊಂಡಿದ್ದೆ, ಪೇಪರನ್ನೂ. ಆ ವರ್ಷದ ದೊಡ್ಡ ಥಂಡಿ ಅದು; ಜೋಳದ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಹೆಲ್ಮೆಟ್ಟಿನ ಗಾಜು ಮಸುಕಾಗಿ ಮೇಲೆ ಮೇಲೆ ಒರೆಸಿಕೊಳ್ಳುತ್ತಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಶಿರೋಳದಲ್ಲಿ ಗುರಪ್ಪಣ್ಣನ ಅಂಗಡಿಗೆ ಹೋಗದೆ ನೇರವಾಗಿ ಗಿರಣಿಯ ಮುಂದೆ ಗಾಡಿ ನಿಲ್ಲಿಸಿದೆ.

ಹೆಂಗಸರು ಡಬ್ಬಿ, ಚೀಲ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಒಳಗೆ ಕಸ್ತೂರಿ ಎರಡೂ ತೋಳು ಮೇಲೇರಿಸಿ ಜೋಳ ಸುರಿಯುತ್ತಿದ್ದಳು. ಅಲ್ಲಿ ಅವಳು ಏನನ್ನೂ ಮುಚ್ಚಿಕೊಂಡಿರಲಿಲ್ಲ. ನನ್ನನ್ನು ನೋಡಿ ಗಿರಣಿ ನಿಲ್ಲಿಸಿ ಹೊರಗೆ ಬಂದಳು.

ಜೋಡಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. ಜಾಕೀಟು ತೆಗೆದು ಗಾಡಿಯ ಸೀಟಿನ ಮೇಲೆ ಹಾಕಿದೆ. ಮೆರೂನ್ ಸ್ವೆಟರು ತೆಗೆದೆ. ತೋಳಿಲ್ಲದ್ದನ್ನು ತೆಗೆದೆ. ಪೇಪರು ಜಾರಿ ಕೆಳಗೆ ಬಿತ್ತು. ಅಂಗಿಯನ್ನೂ ಬಿಚ್ಚಿದೆ. ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ಹಿಡಿದು ಕಿಸಕ್ಕಂದರು. ಮೈಗಂಟಿದ ಬನಿಯನ್ನಿನ ಮೇಲೆ, ಎಲುಬು ಎಣಿಸುವ ಹಾಗೆ, ಆ ಥಂಡಿಯಲ್ಲಿ ನಡುಗುತ್ತ ನಿಂತೆ.

'ಹಿಂಗ ಅದೀನ್ರಿ ನಾನು,' ಅಂದೆ. 'ಅವತ್ತ ಸುಳ್ಳ ಹೇಳಿದ್ನಿ. ನಿಮ್ಮ ಕೈಯಿಂದ ನನಗೇನೂ ಅಡ್ಡಿ ಇಲ್ರಿ. ನೀವು ಹ್ಞೂ ಅಂದ್ರ ನಮ್ಮವ್ವ ಬಂದು ಮಾತಾಡ್ತಾಳ.'

ಕಸ್ತೂರಿ ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು.

'ಅವತ್ತ ನೀವು ಹೊಸ್ತಲಾ ದಾಟಿ ಒಳಗ ಬರೂ ಮುಂದನ ಗೊತ್ತಾಗಿತ್ರಿ ನನಗ. ನಿಮ್ಮ ಕೈಬೆರಳ ನೋಡಿದ್ರ ತಿಳೀತೈತಿ. ನಿಮ್ಮ ಮೈ ಸಣ್ಣದು ಅಂತ ನನಗೇನೂ ಇಲ್ಲ. ನಿಮಗೂ ಹೇಳಾಕ ಹಗೂರಾಗ್ಲಿ ಅಂತ ಮದಲ ನಾನ ತೋರಿಸಿದ್ನಿ. ಒಂದ ಕೇಳ್ತೀನಿ, ಖರೇ ಹೇಳ್ರಿ. ನನ್ನ ಕೈ ಹಿಂಗ ಇಲ್ಲದ ನೆಟ್ಟಗಿದ್ರ, ಇವನ್ನೆಲ್ಲಾ ಬಿಚ್ಚಾಕ ಬರ್ತಿದ್ರೇನ್ರಿ?'

ಹೌದು ಅನ್ನಲು ನಾಲಿಗೆ ಎದ್ದಿತ್ತು. ಅಷ್ಟು ಜನ ಕೇಳುತ್ತಿದ್ದರು. ಆದರೆ ಅವಳು ಕಾಯುತ್ತಿದ್ದ ರೀತಿ ನೋಡಿದರೆ ಸುಳ್ಳು ಹೊರಡಲಿಲ್ಲ. ಅವಳ ಕೈ ನೆಟ್ಟಗಿದ್ದಿದ್ದರೆ ನಾನು ಲಗ್ನದ ದಿನ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೂ ಜಾಕೀಟು ಬಿಚ್ಚುತ್ತಿರಲಿಲ್ಲ. ಅವಳದೊಂದು ಕುಂದು ಕಂಡ ಮೇಲೆಯೇ ನನ್ನದನ್ನು ತೋರಿಸುವ ಧೈರ್ಯ ನನಗೆ ಬಂದಿತ್ತು. ಅದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲೇ, ಅವಳು ಕೇಳಿದ ಮೇಲೆ.

'ಇಲ್ರಿ,' ಅಂದೆ.

'ಹೇಳಿದ್ರಲ್ಲ, ಚಲೋ ಆತು. ಅವ್ವಾರನ ಕಳಸೂದು ಬ್ಯಾಡ್ರಿ. ಹಾಕ್ಕೋರಿ, ಥಂಡಿ ಐತಿ,' ಅಂದಳು. ಕೆಳಗೆ ಬಿದ್ದಿದ್ದ ಪೇಪರನ್ನು ಎತ್ತಿ ದೂಳು ಝಾಡಿಸಿ ಸೀಟಿನ ಮೇಲಿಟ್ಟು ಒಳಗೆ ಹೋದಳು. ಗಿರಣಿ ಮತ್ತೆ ಶುರುವಾಯಿತು.

ಬಿಚ್ಚುವಾಗ ದಡಬಡ ಬಿಚ್ಚಿದ್ದೆ. ಹಾಕಿಕೊಳ್ಳುವಾಗ ಬೆರಳು ಮರಗಟ್ಟಿ ಅಂಗಿಯ ಗುಂಡಿ ಸಿಗಲಿಲ್ಲ. ಒಂದೊಂದಾಗಿ, ಒಳಗಿನದು ಒಳಗೆ, ಹೊರಗಿನದು ಹೊರಗೆ, ಎಲ್ಲವನ್ನೂ ಮತ್ತೆ ಹಾಕಿಕೊಳ್ಳುವವರೆಗೆ ಸಾಲಿನಲ್ಲಿದ್ದ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಈಗ ಒಬ್ಬರೂ ನಗುತ್ತಿರಲಿಲ್ಲ. ನಕ್ಕಿದ್ದರೆ ಚಲೋ ಇತ್ತು.